ಉಷ್ಣಮಾನದ ತಪ್ಪು ಅಂಕಿಯನ್ನು ತಿದ್ದುವ ಬಗೆ

ಹೊರಗಿನ ಗಾಳಿಯ ಉಷ್ಣತೆಯನ್ನು ತಿಳಿಯಲು ಇಂದು ಯಾರೂ ವೀಕ್ಷಣಾಲಯಕ್ಕೆ ಹೋಗಬೇಕಾಗಿಲ್ಲ. ಕಾರಿನಲ್ಲಿ ಕುಳಿತವನ ಎದುರಿಗೇ, ಡ್ಯಾಶ್‌ಬೋರ್ಡಿನ ಮೂಲೆಯಲ್ಲಿ, ಆ ಅಂಕಿ ಬೆಳಗುತ್ತಿರುತ್ತದೆ. ಆದರೆ ಸುತ್ತಣ ನೆರಳಿನಲ್ಲಿ 33 ಡಿಗ್ರಿ ಇರುವಾಗ ಅದು 41 ಎನ್ನುವುದುಂಟು; ಬೇಸಗೆಯ ನಡುಹಗಲಿನಲ್ಲಿ ಸೊನ್ನೆಗಿಂತ 40 ಡಿಗ್ರಿ ಕೆಳಗೆ ಎಂದು ಸಾರುವುದೂ ಉಂಟು. ಎರಡನೆಯದನ್ನು ನೋಡಿ ನಗುತ್ತೇವೆ, ಮೊದಲನೆಯದನ್ನು ನಂಬುತ್ತೇವೆ. ಅಪಾಯವಿರುವುದು ಮೊದಲನೆಯದರಲ್ಲಿಯೇ.

ಇದು ಗ್ಯಾರೇಜಿನ ಮೆಕ್ಯಾನಿಕನ ಪ್ರಶ್ನೆ, ಇತಿಹಾಸದ ವಿದ್ಯಾರ್ಥಿಗೆ ಇದರ ಗೊಡವೆ ಏಕೆ ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಕಾರಣವಿಷ್ಟೆ. ಲಿಬಿಯಾ ದೇಶದ ಅಲ್ ಅಜೀಜಿಯಾ ಎಂಬ ಊರಿನಲ್ಲಿ 1922ನೆಯ ಇಸವಿ ಸೆಪ್ಟೆಂಬರ್ 13ರಂದು 58 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ದಾಖಲಾಯಿತು. ಭೂಮಿಯ ಮೇಲೆ ಅಳೆಯಲ್ಪಟ್ಟ ಅತ್ಯಧಿಕ ಉಷ್ಣತೆ ಎಂಬ ಹೆಸರಿನಲ್ಲಿ ಆ ಅಂಕಿ ತೊಂಬತ್ತು ವರ್ಷಗಳ ಕಾಲ ಭೂಪಟಗಳಲ್ಲಿ, ವಿಶ್ವಕೋಶಗಳಲ್ಲಿ, ಶಾಲೆಯ ಭೂಗೋಳದ ಪುಸ್ತಕಗಳಲ್ಲಿ ನಿಂತಿತು. 2012ರಲ್ಲಿ ಅದನ್ನು ತೆಗೆದುಹಾಕಿದರು. ತೆಗೆದುಹಾಕಿದ ವಿಧಾನವನ್ನು ಪರಿಶೀಲಿಸಿದರೆ, ಅದು ಬಲ್ಲ ಮೆಕ್ಯಾನಿಕನೊಬ್ಬನು ಕಾರಿನ ಸೆನ್ಸರನ್ನು ಪರೀಕ್ಷಿಸುವ ವಿಧಾನವೂ ಹೌದು, ಇತಿಹಾಸಕಾರನು ಶಾಸನದ ಪಾಠವನ್ನು ಪರೀಕ್ಷಿಸುವ ವಿಧಾನವೂ ಹೌದು. ನಮ್ಮ ವಿದ್ಯಾರ್ಥಿಗಳು ಬರಗಾಲ, ಬೆಳೆ, ಮಳೆಗಳ ಹಳೆಯ ಕೋಷ್ಟಕಗಳನ್ನು ಈಗ ಹೆಚ್ಚು ಹೆಚ್ಚಾಗಿ ಆಧಾರವಾಗಿ ಬಳಸುತ್ತಿದ್ದಾರೆ. ಕೈಬರಹದ ಸಾಕ್ಷ್ಯವನ್ನು ಶಂಕಿಸಲು ಕಲಿತವರೇ ಅಚ್ಚಾದ ಅಂಕಿಯ ಮುಂದೆ ಕೈಮುಗಿದು ನಿಲ್ಲುವುದನ್ನು ಕಾಣುತ್ತೇವೆ. ಆದಕಾರಣ ಈ ವಿಚಾರವನ್ನು ಕೊಂಚ ವಿವರವಾಗಿ ಹೇಳುವುದು ಅಪ್ರಸ್ತುತವಾಗಲಾರದು.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಉಷ್ಣಮಾಪಕವು ಗಾಳಿಯ ಉಷ್ಣತೆಯನ್ನು ಅಳೆಯುವುದಿಲ್ಲ. ತನ್ನ ಉಷ್ಣತೆಯನ್ನು ತೋರಿಸುತ್ತದೆ. ಅದರ ಉಷ್ಣತೆಯೂ ಗಾಳಿಯ ಉಷ್ಣತೆಯೂ ಒಂದೇ ಆಗುವಂತೆ ಮಾಡುವುದು ಅದನ್ನು ಇಟ್ಟವನ ಹೊಣೆ. ಬಿಸಿಲು ನೇರವಾಗಿ ಬಿದ್ದರೆ ಗಾಜು ಕಾಯುತ್ತದೆ. ಕಾದ ನೆಲದ ಹತ್ತಿರವಿಟ್ಟರೆ ನೆಲದ ಶಾಖವನ್ನು ಹೀರುತ್ತದೆ. ಗಾಳಿಯಾಡದ ಕಡೆ ಇಟ್ಟರೆ ಆ ಮೂಲೆಯ ಬಿಸಿಯನ್ನಷ್ಟೇ ಹೇಳುತ್ತದೆ. ದೀಪಸ್ತಂಭಗಳನ್ನು ಕಟ್ಟಿದ ಸ್ಕಾಟ್ಲೆಂಡಿನ ಇಂಜಿನಿಯರ್ ಥಾಮಸ್ ಸ್ಟೀವನ್‌ಸನ್ 1860ರ ದಶಕದಲ್ಲಿ ಇದಕ್ಕೆಂದೇ ಬಿಳಿಯ ಬಣ್ಣದ, ಪಟ್ಟಿಪಟ್ಟಿಯಾದ ಜೋಡಿ ಗೋಡೆಗಳ ಮರದ ಪೆಟ್ಟಿಗೆಯೊಂದನ್ನು ರೂಪಿಸಿದನು. (ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್ ಈತನ ಮಗ.) ಗಾಳಿ ಒಳಗೆ ಆಡುತ್ತದೆ, ಬಿಸಿಲು ಒಳಗೆ ಬೀಳುವುದಿಲ್ಲ. ಇಂದಿಗೂ ಹವಾಮಾನ ಠಾಣೆಗಳಲ್ಲಿ ಉಷ್ಣಮಾಪಕವನ್ನು ಇಂಥ ಆವರಣದೊಳಗೆ, ನೆಲದಿಂದ ಒಂದೂಕಾಲರಿಂದ ಎರಡು ಮೀಟರ್ ಎತ್ತರದಲ್ಲಿ, ಸಹಜವಾದ ನೆಲದ ಮೇಲೆ ಇಡುವುದು ನಿಯಮ. ಈ ನಿಯಮವನ್ನು ಪಾಲಿಸದ ಅಂಕಿಯನ್ನು ಪಾಲಿಸಿದ ಅಂಕಿಯೊಡನೆ ಹೋಲಿಸುವಂತಿಲ್ಲ.

ಕಾರಿಗೆ ಇಂಥ ಪೆಟ್ಟಿಗೆಯನ್ನು ಕಟ್ಟಲಾಗುವುದಿಲ್ಲ. ಅದರ ಸೆನ್ಸರನ್ನು ಸಾಮಾನ್ಯವಾಗಿ ಮುಂದಿನ ಬಂಪರಿನ ಹಿಂದೆ, ರೇಡಿಯೇಟರಿನ ಮುಂದೆ ಸಿಕ್ಕಿಸಿರುತ್ತಾರೆ. ಕೆಲವು ಕಾರುಗಳಲ್ಲಿ ಪಕ್ಕದ ಕನ್ನಡಿಯ ತಳದಲ್ಲಿರುತ್ತದೆ. ಅದು ಥರ್ಮಿಸ್ಟರ್ ಎಂಬ ಚಿಕ್ಕ ವಸ್ತು. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ತಣ್ಣಗಾದಂತೆ ರೋಧ ಏರುತ್ತದೆ. ಕಾರಿನ ಗಣಕವು ಆ ರೋಧವನ್ನು ಓದಿ ಡಿಗ್ರಿಯಾಗಿ ಬರೆಯುತ್ತದೆ. ಗಾಡಿ ಓಡುತ್ತಿರುವಾಗ ಎದುರುಗಾಳಿಯೇ ಸೆನ್ಸರನ್ನು ತೊಳೆದಂತೆ ಹರಿಯುವುದರಿಂದ ಅಂಕಿ ಬಹುಮಟ್ಟಿಗೆ ಸರಿಯಾಗಿರುತ್ತದೆ. ಗಾಡಿ ನಿಂತಿತೆಂದರೆ ರೇಡಿಯೇಟರಿನ ಶಾಖ, ಡಾಂಬರು ರಸ್ತೆಯ ಶಾಖ ಎರಡೂ ಅದನ್ನು ಸುತ್ತಿಕೊಳ್ಳುತ್ತವೆ. ಇದನ್ನರಿತ ತಯಾರಕರು ಹಲವು ಕಾರುಗಳಲ್ಲಿ ಒಂದು ಉಪಾಯ ಮಾಡಿದ್ದಾರೆ: ಗಾಡಿ ನಿಂತಿರುವಾಗ ಅಥವಾ ತೆವಳುತ್ತಿರುವಾಗ ಏರುವ ಅಂಕಿಯನ್ನು ಗಣಕ ಒಪ್ಪುವುದಿಲ್ಲ, ಇಳಿಯುವ ಅಂಕಿಯನ್ನು ಮಾತ್ರ ಕೂಡಲೇ ಒಪ್ಪುತ್ತದೆ, ಏರಿಕೆಯನ್ನು ತೋರಿಸಬೇಕಾದರೆ ಕೆಲಹೊತ್ತು ಗಾಡಿ ವೇಗವಾಗಿ ಓಡಬೇಕು. ಆದ್ದರಿಂದ ಇಂಥ ಕಾರಿನಲ್ಲಿ ನಾವು ನೋಡುವ ಅಂಕಿ ಎಷ್ಟೋ ವೇಳೆ ಈಗಿನದಲ್ಲ, ಹಿಂದೆ ಓಡಿದಾಗಿನ ನೆನಪು. ಇದನ್ನು ದೋಷವೆಂದು ತಿಳಿದು ಸೆನ್ಸರನ್ನು ಬದಲಾಯಿಸಿದರೆ ಹಣ ಹೋಗುತ್ತದೆ, ಅಂಕಿ ಬದಲಾಗುವುದಿಲ್ಲ.

ನಿಜವಾದ ದೋಷವನ್ನು ಗುರುತಿಸುವ ಕ್ರಮ ಸರಳವಾದದ್ದು. ಕಾರನ್ನು ರಾತ್ರಿಯಿಡೀ ನೆರಳಿನಲ್ಲಿ ನಿಲ್ಲಿಸಿ, ಬೆಳಗ್ಗೆ ಸೂರ್ಯ ಏರುವ ಮುನ್ನ, ಇಂಜಿನ್ ಚಾಲೂ ಮಾಡುವುದಕ್ಕೆ ಮೊದಲು, ನಂಬತಕ್ಕ ಒಂದು ಉಷ್ಣಮಾಪಕವನ್ನು ಸೆನ್ಸರಿನ ಪಕ್ಕದಲ್ಲಿ ಹಿಡಿದು ಎರಡನ್ನೂ ಹೋಲಿಸಬೇಕು. ಎರಡೂ ಹೊಂದಿದರೆ ಉಪಕರಣ ನೆಟ್ಟಗಿದೆ. ಹಗಲಿನ ತಪ್ಪು ಸ್ಥಳದಿಂದ ಬಂದದ್ದು. ಅಪಘಾತದ ರಿಪೇರಿಯಾದ ಮೇಲೆ ಸೆನ್ಸರನ್ನು ಅದರ ಕ್ಲಿಪ್ಪಿಗೆ ಮರಳಿ ಸಿಕ್ಕಿಸದೆ, ರೇಡಿಯೇಟರಿನ ಕಡೆಗೆ ಜೋತುಬಿಟ್ಟಿರುವುದು ಸಾಮಾನ್ಯವಾದ ಸಂಗತಿ. ಹೊಂದದಿದ್ದರೆ ಮೀಟರಿನಿಂದ ರೋಧವನ್ನು ಅಳೆದು ತಯಾರಕರ ಕೋಷ್ಟಕದೊಡನೆ ತಾಳೆ ನೋಡಬೇಕು. ಕನೆಕ್ಟರಿನಲ್ಲಿ ಕಿಲುಬು ಹಿಡಿದರೆ ಅಲ್ಲಿ ರೋಧ ಹೆಚ್ಚುತ್ತದೆ. ಹೆಚ್ಚಿದ ರೋಧವನ್ನು ಗಣಕ ಚಳಿಯೆಂದು ಓದುತ್ತದೆ. ತಂತಿ ಪೂರ್ತಿ ಕಡಿದರೆ ರೋಧಕ್ಕೆ ಮಿತಿಯೇ ಇಲ್ಲವಾಗಿ, ಮೇಲೆ ಹೇಳಿದ ಸೊನ್ನೆಗಿಂತ 40 ಕೆಳಗಿನ ಚಳಿ ಮೂಡುತ್ತದೆ. ಇವೆರಡಕ್ಕೂ ಮದ್ದು ಬೇರೆ ಬೇರೆ. ಕೆಲವರು ಇದಾವುದನ್ನೂ ನೋಡದೆ, ಹೇಗಿದ್ದರೂ ಐದು ಡಿಗ್ರಿ ಹೆಚ್ಚು ತೋರುತ್ತದೆಯೆಂದು ತಂತಿಗೆ ಒಂದು ಹೆಚ್ಚುವರಿ ರೋಧಕವನ್ನು ಬೆಸೆದು ಅಂಕಿಯನ್ನು ಇಳಿಸುತ್ತಾರೆ. ಸ್ಥಳದಿಂದ ಬಂದ ತಪ್ಪು ನಿಂತಾಗ ಹೆಚ್ಚು, ಓಡುವಾಗ ಕಡಿಮೆ; ಹೀಗಿರಲು ಸದಾ ಒಂದೇ ದಿಕ್ಕಿಗೆ ಎಳೆಯುವ ತಿದ್ದುಪಡಿಯಿಂದ ಮಧ್ಯಾಹ್ನದ ಅಂಕಿ ಸರಿಹೋದಂತೆ ಕಂಡು, ಮುಂಜಾನೆ ಸರಿಯಾಗಿದ್ದ ಅಂಕಿ ಕೆಡುತ್ತದೆ. ಹಿಮ ಬೀಳುವ ದೇಶಗಳಲ್ಲಿ ಈ ತಪ್ಪು ಪ್ರಾಣಕ್ಕೇ ತಗುಲುವಂಥದು; ರಸ್ತೆಯ ಮೇಲೆ ನೀರು ಹೆಪ್ಪುಗಟ್ಟಿರಬಹುದೆಂಬ ಎಚ್ಚರಿಕೆಯನ್ನು ಚಾಲಕನಿಗೆ ಕೊಡುವುದು ಈ ಅಂಕಿಯೇ.

ಕಾರಿನ ವಿಷಯ ಇಷ್ಟು ಸಾಕು. ಉಪಕರಣವೂ ಸ್ಥಳವೂ ಅದನ್ನು ಓದುವ ರೀತಿಯೂ ಬೇರೆ ಬೇರೆ ಬಗೆಯ ತಪ್ಪುಗಳನ್ನು ತರುತ್ತವೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಅಲ್ ಅಜೀಜಿಯಾಕ್ಕೆ ಹೋಗೋಣ. ಕಾರಿನಲ್ಲಿ ಸೆನ್ಸರ್ ಇನ್ನೂ ಕೈಗೆ ಸಿಕ್ಕುತ್ತದೆ. ಅಲ್ಲಿ ಉಪಕರಣವೂ ಇಲ್ಲ, ನೋಡಿದವನೂ ಇಲ್ಲ; ಉಳಿದದ್ದು ಒಂದು ಹಾಳೆ.

ಅಲ್ ಅಜೀಜಿಯಾ ಟ್ರಿಪೊಲಿ ನಗರದ ದಕ್ಷಿಣಕ್ಕೆ ಸುಮಾರು 40 ಕಿಲೋಮೀಟರ್ ದೂರದಲ್ಲಿದೆ. 1911ರಲ್ಲಿ ಲಿಬಿಯಾದ ಮೇಲೆ ದಂಡೆತ್ತಿ ಹೋದ ಇಟಲಿಯು 1922ರಲ್ಲಿ ಟ್ರಿಪೊಲಿಟಾನಿಯಾವನ್ನು ಮತ್ತೆ ಹತೋಟಿಗೆ ತರುವ ಕಾರ್ಯಾಚರಣೆಯಲ್ಲಿ ತೊಡಗಿತ್ತು. ಅಲ್ಲಿನ ಹವಾಮಾನ ಠಾಣೆ ಇದ್ದದ್ದು ಸೇನೆಯ ಕೋಟೆಯಲ್ಲಿ. ಉಷ್ಣಮಾಪಕದ ಕೆಳಗಿನ ನೆಲ ಮರುಭೂಮಿಯ ಸಹಜ ಮಣ್ಣಲ್ಲ, ಡಾಂಬರಿನಂಥ ಹೊದಿಕೆಯುಳ್ಳದ್ದು. ಠಾಣೆಯಲ್ಲಿದ್ದ ಒಳ್ಳೆಯ ಉಪಕರಣ ಕೆಟ್ಟುಹೋದುದರಿಂದ ಅದರ ಬದಲು ಬೆಲ್ಲಾನಿ-ಸಿಕ್ಸ್ ಮಾದರಿಯ ಉಷ್ಣಮಾಪಕವನ್ನು ಬಳಸುತ್ತಿದ್ದರು. ಆ ಕಾಲಕ್ಕೇ ಹಳತಾಗಿದ್ದ ಮಾದರಿ ಅದು.

ಇಡೀ ಪ್ರಕರಣದ ಗುಟ್ಟು ಆ ಉಪಕರಣದಲ್ಲಿಯೇ ಇದೆ. ಇಂಗ್ಲೆಂಡಿನ ಜೇಮ್ಸ್ ಸಿಕ್ಸ್ ಎಂಬಾತ 18ನೆಯ ಶತಮಾನದ ಕೊನೆಯಲ್ಲಿ ಇದನ್ನು ಕಲ್ಪಿಸಿದನು. ಲಾಳದಂತೆ ಬಾಗಿದ ಗಾಜಿನ ಕೊಳವೆ. ಬಾಗಿನಲ್ಲಿ ಪಾದರಸ, ಅದರ ಮೇಲೆ ಮದ್ಯಸಾರ. ಬಿಸಿಯಾದಾಗ ಮದ್ಯಸಾರ ಹಿಗ್ಗಿ ಪಾದರಸವನ್ನು ಒಂದು ತೋಳಿನಲ್ಲಿ ಕೆಳಕ್ಕೆ ಒತ್ತುತ್ತದೆ, ಇನ್ನೊಂದು ತೋಳಿನಲ್ಲಿ ಅದು ಮೇಲಕ್ಕೇರುತ್ತದೆ. ಏರುವ ಪಾದರಸವು ತನ್ನ ತಲೆಯ ಮೇಲಿರುವ ಉಕ್ಕಿನ ಸಣ್ಣ ಗುರುತುಕಡ್ಡಿಯನ್ನು ದೂಡಿಕೊಂಡು ಹೋಗುತ್ತದೆ. ಪಾದರಸ ಇಳಿದಾಗ ಕಡ್ಡಿ ಮಾತ್ರ ಏರಿದ ಕಡೆಯಲ್ಲಿಯೇ ನಿಲ್ಲುತ್ತದೆ. ಆ ದಿನದ ಗರಿಷ್ಠ ಉಷ್ಣತೆ ಎಷ್ಟೆಂಬುದನ್ನು ಕಡ್ಡಿಯ ಕೆಳತುದಿಯಿಂದ, ಅಂದರೆ ಪಾದರಸ ಮುಟ್ಟಿದ್ದ ತುದಿಯಿಂದ, ಓದಬೇಕು. ಹೊಸಬನು ಮೇಲಿನ ತುದಿಯನ್ನು ಓದಿದರೆ ಕಡ್ಡಿಯ ಉದ್ದದಷ್ಟು ಡಿಗ್ರಿಗಳು ಹೆಚ್ಚಾಗಿ ಬರುತ್ತವೆ. ಈ ಮಾದರಿಯಲ್ಲಿ ಅದು ಸುಮಾರು 7 ಡಿಗ್ರಿ.

ಅಂಕಿಯ ಬಗ್ಗೆ ಅನುಮಾನ ಹೊಸದಲ್ಲ. ಇಟಲಿಯ ಹವಾಮಾನ ವಿಜ್ಞಾನಿ ಅಮಿಲ್ಕಾರೆ ಫಾಂಟೋಲಿ 1950ರ ದಶಕದಲ್ಲಿಯೇ ಇದನ್ನು ಶಂಕಿಸಿ, 56 ಡಿಗ್ರಿಯ ಸುಮಾರಿಗೆ ಇಳಿಸಿ ಓದಬೇಕೆಂದು ಅಭಿಪ್ರಾಯಪಟ್ಟಿದ್ದರು. ಆದರೂ ಪುಸ್ತಕಗಳು ಕದಲಲಿಲ್ಲ. ಕೆಲವು ಪುಸ್ತಕಗಳಲ್ಲಿ 58ರ ಬದಲು 57.8 ಎಂದಿರುವುದನ್ನು ವಾಚಕರು ನೋಡಿರಬಹುದು. ಅದು ಹೆಚ್ಚು ಸೂಕ್ಷ್ಮವಾದ ಅಳತೆಯಲ್ಲ. 58 ಡಿಗ್ರಿ ಸೆಂಟಿಗ್ರೇಡನ್ನು ಫ್ಯಾರನ್‌ಹೀಟಿಗೆ ತಿರುಗಿಸಿದರೆ 136.4, ಅದನ್ನು 136 ಎಂದು ದುಂಡಾಗಿಸಿ ಮತ್ತೆ ಸೆಂಟಿಗ್ರೇಡಿಗೆ ತಂದರೆ 57.8. ನಕಲುಗಾರನ ಕೈಯಲ್ಲಿ ಪಾಠಾಂತರ ಹುಟ್ಟುವುದು ತಾಳೆಗರಿಯಲ್ಲಿ ಮಾತ್ರವಲ್ಲ.

ವಿಶ್ವ ಹವಾಮಾನ ಸಂಸ್ಥೆಯು ಈ ದಾಖಲೆಯ ವಿಚಾರಣೆಗೆ ಒಂಬತ್ತು ದೇಶಗಳ ತಜ್ಞರ ಮಂಡಲಿಯನ್ನು ನೇಮಿಸಿತು. ಲಿಬಿಯಾದ ಹವಾಮಾನ ಕೇಂದ್ರದ ಖಾಲಿದ್ ಅಲ್ ಫದ್ಲಿ ಅದರಲ್ಲಿ ಒಬ್ಬರು. ಠಾಣೆಯ ಮೂಲ ದಾಖಲೆಯ ಹಾಳೆಯನ್ನು ಹುಡುಕಿ ಮಂಡಲಿಯ ಮುಂದಿಟ್ಟವರು ಇವರೇ. ವಿಚಾರಣೆಯ ನಡುವೆ, 2011ರಲ್ಲಿ, ಲಿಬಿಯಾದಲ್ಲಿ ಕ್ರಾಂತಿಯೆದ್ದಿತು. ಅನೇಕ ತಿಂಗಳು ಅವರ ಸುದ್ದಿಯೇ ಇತರರಿಗೆ ಸಿಕ್ಕಲಿಲ್ಲ, ವಿಚಾರಣೆ ನಿಂತಿತು. ಸಂಪರ್ಕ ಮತ್ತೆ ಸಾಧ್ಯವಾದ ಮೇಲೆ ಕೆಲಸ ಮುಂದುವರಿಯಿತು. ಅಂಕಿಯನ್ನು ಬರೆದದ್ದು ಒಂದು ಯುದ್ಧದ ನಡುವೆ, ಅಳಿಸಿದ್ದು ಇನ್ನೊಂದು ಯುದ್ಧದ ಬೆನ್ನಿಗೆ.

ಆ ಹಾಳೆಯನ್ನು ನೋಡಿದರೆ ಇತಿಹಾಸದ ವಿದ್ಯಾರ್ಥಿಗೆ ತನ್ನ ಮನೆಗೆ ಬಂದಂತಾಗುತ್ತದೆ. ಸೆಪ್ಟೆಂಬರ್ 11ರಿಂದ ಬರವಣಿಗೆಯ ಕೈ ಬದಲಾಗಿದೆ. ಹೊಸ ಕೈ ಅಂಕಿಗಳನ್ನು ತಪ್ಪು ಅಂಕಣಗಳಲ್ಲಿ ಬರೆದಿದೆ. ಗರಿಷ್ಠವಿರಬೇಕಾದ ಕಡೆ ಅದಿಲ್ಲ, ಬೇರೆ ಕಡೆ ಇದೆ. ಅಂದರೆ ಬಂದು ಮೂರು ದಿನವೂ ಪೂರ್ತಿ ಕಳೆಯದ, ಈ ಕೆಲಸದ ಅಭ್ಯಾಸವಿಲ್ಲದ ಒಬ್ಬಾತ 13ರಂದು ಆ 58ನ್ನು ಬರೆದಿದ್ದಾನೆ. ಲಿಪಿಯ ಮೇಲಿಂದ ಶಾಸನದ ಕಾಲವನ್ನು ನಿರ್ಣಯಿಸುವವರು, ಒಂದು ಕೈಯ ನಡುವೆ ಇನ್ನೊಂದು ಕೈ ಸೇರಿದ್ದನ್ನು ಗುರುತಿಸಿ ಪ್ರಕ್ಷಿಪ್ತವನ್ನು ಹಿಡಿಯುವವರು, ಮಾಡುವ ಕೆಲಸವನ್ನೇ ಇಲ್ಲಿ ಹವಾಮಾನ ತಜ್ಞರು ಮಾಡಿದರು. ಉಳಿದ ಸಾಕ್ಷ್ಯಗಳು ಇದಕ್ಕೆ ಬೆಂಬಲವಾಗಿ ನಿಂತವು. ಅಂದು ಸುತ್ತಲಿನ ಠಾಣೆಗಳಲ್ಲಿ ಅಂಥ ಉಷ್ಣತೆಯ ಸುಳಿವಿಲ್ಲ. ಅಲ್ ಅಜೀಜಿಯಾದಲ್ಲಿಯೇ ಮುಂದಿನ ದಶಕಗಳಲ್ಲಿ ನಡೆದ ಅಳತೆಗಳೊಡನೆಯೂ ಅದು ಹೊಂದುವುದಿಲ್ಲ. ಉಪಕರಣ, ನೋಡಿದವನ ಅನನುಭವ, ನೆಲ, ನೆರೆಯ ಠಾಣೆಗಳು, ನಂತರದ ಅಳತೆಗಳು ಈ ಐದೂ ಸೇರಿ ಒಂದೇ ಕಡೆಗೆ ಕೈತೋರಿದುವು. 2012ರ ಸೆಪ್ಟೆಂಬರ್ 13ರಂದು, ಸರಿಯಾಗಿ ತೊಂಬತ್ತು ವರ್ಷಗಳಿಗೆ, ದಾಖಲೆ ಅಸಿಂಧುವೆಂದು ಪ್ರಕಟವಾಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದುಂಟು. ತಪ್ಪು 7 ಡಿಗ್ರಿಯೆಂದು ತಿಳಿದ ಮೇಲೆ 58ರಿಂದ 7ನ್ನು ಕಳೆದು 51 ಎಂದು ಬರೆಯಬಹುದಿತ್ತಲ್ಲವೆ? ಮಂಡಲಿ ಹಾಗೆ ಮಾಡಲಿಲ್ಲ. ಅಂಕಿಯನ್ನು ತಿದ್ದದೆ ತಳ್ಳಿಹಾಕಿತು. ನನ್ನ ಅಭಿಪ್ರಾಯದಲ್ಲಿ ಈ ನಿರ್ಣಯದ ನಿಜವಾದ ಮಹತ್ವ ಇರುವುದು ಈ ಸಂಯಮದಲ್ಲಿ. ಕಡ್ಡಿಯ ತುದಿಯನ್ನು ತಪ್ಪಾಗಿ ಓದಿದನೆಂಬುದು ಬಲವಾದ ಊಹೆ. ಆದರೆ ಕಾದ ನೆಲದಿಂದ ಬಂದ ತಪ್ಪು ಎಷ್ಟು, ಉಪಕರಣದಿಂದ ಬಂದದ್ದು ಎಷ್ಟು ಎಂಬುದನ್ನು ಬಿಡಿಬಿಡಿಯಾಗಿ ಹೇಳುವ ದಾರಿ ಇರಲಿಲ್ಲ. ಪ್ರಮಾಣ ತಿಳಿಯದ ತಪ್ಪನ್ನು ಕಳೆದರೆ ಉಳಿಯುವುದು ಸತ್ಯವಲ್ಲ, ಇನ್ನೊಂದು ಊಹೆ. ಫಾಂಟೋಲಿಯವರ 56 ಅಂಥದು. ರೋಧಕವನ್ನು ಬೆಸೆದ ಕಾರಿನ ಅಂಕಿಯೂ ಅಂಥದೇ.

ಹಾಗೆಂದು ಹಳೆಯ ಅಂಕಿಗಳನ್ನು ತಿದ್ದಲೇಬಾರದೆಂದಲ್ಲ. ತಪ್ಪಿನ ಕಾರಣ ತಿಳಿದು, ಅದು ಸಾವಿರಾರು ಅಂಕಿಗಳಲ್ಲಿ ಒಂದೇ ಬಗೆಯಾಗಿ ಹರಡಿದ್ದರೆ ತಿದ್ದುವುದು ಸಾಧ್ಯ. ಕಡಲಿನ ನೀರಿನ ಉಷ್ಣತೆ ಇದಕ್ಕೆ ಒಳ್ಳೆಯ ಉದಾಹರಣೆ. ಹಿಂದೆ ಹಡಗಿನವರು ಬಕೀಟನ್ನು ಇಳಿಬಿಟ್ಟು ನೀರನ್ನೆತ್ತಿ ಅದರಲ್ಲಿ ಉಷ್ಣಮಾಪಕವನ್ನು ಅದ್ದುತ್ತಿದ್ದರು. ಕ್ಯಾನ್‌ವಾಸಿನ ಬಕೀಟಾದರೆ, ನಮ್ಮ ಮಣ್ಣಿನ ಹೂಜಿಯಂತೆ, ನೀರು ಒಸರಿ ಆವಿಯಾಗಿ ಓದುವಷ್ಟರಲ್ಲಿ ತುಸು ತಣ್ಣಗಾಗುತ್ತದೆ. ಇಂಜಿನನ್ನು ತಂಪುಗೊಳಿಸಲು ಒಳಗೆಳೆದುಕೊಂಡ ನೀರನ್ನು ಅಳೆಯುವುದು ಇನ್ನೊಂದು ಪದ್ಧತಿ. ಇಂಜಿನ್ ಕೋಣೆಯ ಶಾಖದಿಂದ ಅದು ತುಸು ಬೆಚ್ಚಗಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರ ಆಗಸ್ಟ್‌ವರೆಗೆ, ಇಂಥ ಅಳತೆಗಳಲ್ಲಿ ನೂರಕ್ಕೆ ಸುಮಾರು 80 ಅಮೆರಿಕದ ಹಡಗುಗಳಿಂದ ಬಂದುವು, ಅವುಗಳಲ್ಲಿ ಇಂಜಿನ್ ನೀರಿನ ಪದ್ಧತಿಯೇ ಹೆಚ್ಚು. ಯುದ್ಧ ಮುಗಿದೊಡನೆ ಬ್ರಿಟನ್ನಿನ ಹಡಗುಗಳೂ ಅವುಗಳ ಬಕೀಟುಗಳೂ ಹಿಂದಿರುಗಿದುವು. ಪರಿಣಾಮವಾಗಿ 1945ರಲ್ಲಿ ಲೋಕದ ಕಡಲುಗಳೆಲ್ಲ ಒಮ್ಮೆಲೇ ಸುಮಾರು 0.3 ಡಿಗ್ರಿ ತಣ್ಣಗಾದಂತೆ ಕೋಷ್ಟಕಗಳಲ್ಲಿ ಕಂಡಿತು. ಅದು ಹೆಚ್ಚಾಗಿ ಅಳತೆಯ ಪದ್ಧತಿ ಬದಲಾದುದರ ಫಲವೆಂದು 2008ರಲ್ಲಿ ಡೇವಿಡ್ ಥಾಂಪ್‌ಸನ್ ಮತ್ತು ಅವರ ಜೊತೆಗಾರರು ತೋರಿಸಿಕೊಟ್ಟರು. ಕಡಲು ತಣಿದಿರಲಿಲ್ಲ; ಜಪಾನ್ ಶರಣಾಗಿತ್ತು. ಹಡಗು ಯಾವ ದೇಶದ್ದೆಂಬ ರಾಜಕೀಯ ಇತಿಹಾಸವನ್ನು ಅರಿಯದೆ ನೀರಿನ ಉಷ್ಣತೆಯನ್ನು ತಿದ್ದುವುದು ಸಾಧ್ಯವಿರಲಿಲ್ಲ.

ಉಪಕರಣವು ಇನ್ನೂ ಕೈಯಲ್ಲಿದ್ದಾಗ ಕೆಲಸ ಎಷ್ಟು ಸುಲಭವೆಂಬುದಕ್ಕೆ ನಮ್ಮ ದೇಶದ ಇತ್ತೀಚಿನ ಪ್ರಸಂಗವೇ ಸಾಕ್ಷಿ. 2024ರ ಮೇ 29ರಂದು ದೆಹಲಿಯ ಮುಂಗೇಶಪುರದ ಸ್ವಯಂಚಾಲಿತ ಠಾಣೆ 52.9 ಡಿಗ್ರಿಯನ್ನು ತೋರಿತು. 2016ರ ಮೇ 19ರಂದು ರಾಜಸ್ಥಾನದ ಫಲೋದಿಯಲ್ಲಿ ದಾಖಲಾದ 51 ಡಿಗ್ರಿಯನ್ನು ಅದು ಮೀರಿಸಿದಂತಾಗಿ ಸುದ್ದಿ ಲೋಕವೆಲ್ಲ ಹರಡಿತು. ಅದೇ ದಿನ ದೆಹಲಿಯ ಇತರ ಠಾಣೆಗಳ ಗರಿಷ್ಠಗಳು 45.2ರಿಂದ 49.1ರವರೆಗೆ ಮಾತ್ರ ಇದ್ದುವು. ಭಾರತ ಹವಾಮಾನ ಇಲಾಖೆಯವರು ಪ್ರಮಾಣಿತ ಉಪಕರಣವನ್ನು ಪಕ್ಕದಲ್ಲಿಟ್ಟು ಹೋಲಿಸಿ, ಆ ಸೆನ್ಸರ್ ಸುಮಾರು 3 ಡಿಗ್ರಿ ಹೆಚ್ಚು ತೋರುತ್ತಿದೆಯೆಂದು ಕೆಲವೇ ದಿನಗಳಲ್ಲಿ ತಿಳಿಸಿದರು. ಕುವೈತಿನ ಮಿತ್ರಿಬಾದಲ್ಲಿ 2016ರ ಜುಲೈ 21ರಂದು ಕಂಡ 54 ಡಿಗ್ರಿಯನ್ನೂ ಹೀಗೆಯೇ ಉಪಕರಣವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, 53.9 ಎಂದು ತಿದ್ದಿ, 2019ರಲ್ಲಿ ಒಪ್ಪಿಕೊಂಡರು. ಒಂದು ಡಿಗ್ರಿಯ ಹತ್ತನೆಯ ಒಂದು ಭಾಗ! ಇಲ್ಲಿ ತಿದ್ದುಪಡಿ ಎಂಬ ಮಾತಿಗೆ ಪೂರ್ಣ ಅರ್ಥವಿದೆ.

ಅಲ್ ಅಜೀಜಿಯಾದ ಅಂಕಿ ಬಿದ್ದ ಮೇಲೆ ಅಗ್ರಸ್ಥಾನಕ್ಕೆ ಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾದ ಡೆತ್ ವ್ಯಾಲಿಯಲ್ಲಿರುವ ಗ್ರೀನ್‌ಲೆಂಡ್ ರಾಂಚಿನಲ್ಲಿ 1913ರ ಜುಲೈ 10ರಂದು ಬರೆದ 56.7 ಡಿಗ್ರಿ. ವಿಶ್ವ ಹವಾಮಾನ ಸಂಸ್ಥೆಯ ಪಟ್ಟಿಯಲ್ಲಿ ಈಗ ಇರುವುದು ಇದೇ. ಇದರ ಮೇಲೂ ಅನುಮಾನದ ನೆರಳು ಬಿದ್ದಿದೆ. ಸುತ್ತಲಿನ ಠಾಣೆಗಳ ಅಂದಿನ ಅಂಕಿಗಳೊಡನೆ ಇದು ಹೊಂದುವುದಿಲ್ಲವೆಂದು ಹವಾಮಾನ ಇತಿಹಾಸಕಾರ ಕ್ರಿಸ್ಟೋಫರ್ ಬರ್ಟ್ 2016ರಲ್ಲಿ ವಾದಿಸಿದ್ದಾರೆ. ಅದೇ ಕಣಿವೆಯಲ್ಲಿ ಇಂದಿನ ಉತ್ತಮ ಉಪಕರಣಗಳು 2020ರಲ್ಲಿಯೂ 2021ರಲ್ಲಿಯೂ ತೋರಿದ್ದು 54.4.